ಬೆಣ್ಣೆ ಪ್ಯಾಟಿಗೆ, ತಿಳಿ ಮೋರಿಗೆ

(ಹರಿಹರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಹಾಲು ಹಾಕುವ ರೈತರು ಸೇರಿದ್ದಾಗ ಆಡಿದ ಮಾತುಗಳ ಬರಹ ರೂಪ)



ಬೆಲೆ ಮತ್ತು ಸಾಲದ ಬಗ್ಗೆ ಮಾತಾಡು ಅಂತ ನನ್ನನ್ನು ಕರೆದಿದ್ದೀರಿ. ನಾನು ಮಾತಾಡೋಕೆ ಹೊರಟಿರೋದು ಒಡೆದ ಹಾಲಿನ ನೀರಿನ ಬಗ್ಗೆ. ಇವನಿಗೇನು ತಲೆ ಕೆಟ್ಟಿದೆಯಾ ಅಂತ ಅನ್ನಬೇಡಿ. ಸ್ವಲ್ಪ ಹೊತ್ತು ತಾಳ್ಮೆಯಿಂದ ಕೇಳಿದರೆ, ಈ ನೀರಿನೊಳಗೇ ಬೆಲೆಯೂ ಇದೆ, ಸಾಲವೂ ಇದೆ ಅನ್ನೋದು ನಿಮಗೇ ಕಾಣುತ್ತದೆ.

ದಾವಣಗೆರೆಗೆ ಹೋದವರು ಬೆಣ್ಣೆ ದೋಸೆ ತಿನ್ನದೆ ಬರೋದು ಅಪರೂಪ. 1928ರ ಸುಮಾರಿಗೆ ಬೆಳಗಾವಿ ಕಡೆಯಿಂದ ಮಕ್ಕಳನ್ನು ಕಟ್ಟಿಕೊಂಡು ಬಂದ ಚೆನ್ನಮ್ಮ ಎಂಬ ತಾಯಿ ನಾಟಕದ ಥಿಯೇಟರ್ ಪಕ್ಕ ಮೊದಲು ರಾಗಿ ದೋಸೆ ಹಾಕುತ್ತಿದ್ದರು, ಆಮೇಲೆ ಅವರ ಮಕ್ಕಳ ಕಾಲಕ್ಕೆ ಅಕ್ಕಿ, ಉದ್ದು, ಮಂಡಕ್ಕಿ ರುಬ್ಬಿ ಬೆಣ್ಣೆ ಸುರಿದು ಹಾಕುವ ಈಗಿನ ದೋಸೆ ಬಂತು ಎಂದು ಊರಿನವರು ಹೇಳುತ್ತಾರೆ. ಆ ದೋಸೆಯ ಮೇಲೆ ಕರಗುವ ಬೆಣ್ಣೆಯನ್ನು ಎಲ್ಲರೂ ನೋಡುತ್ತಾರೆ. ರೈತನಾದವನು ಇನ್ನೊಂದು ಪ್ರಶ್ನೆಯನ್ನೂ ಕೇಳಬೇಕು. ಈ ಬೆಣ್ಣೆ ತೆಗೆದ ಮೇಲೆ ಉಳಿದದ್ದು ಎಲ್ಲಿಗೆ ಹೋಯಿತು?

ನಮ್ಮ ಅವ್ವನ ಕಾಲದಲ್ಲಿ ಈ ಪ್ರಶ್ನೆಗೆ ಉತ್ತರ ಮನೆಯೊಳಗೇ ಇತ್ತು. ಬೆಳಗಿನ ಜಾವ ಎದ್ದು ಕಡಗೋಲು ಹಿಡಿದು ಮೊಸರು ಕಡೆಯೋಳು. ಬಂದ ಬೆಣ್ಣೆ ಉಂಡೆ ನೀರಿನಲ್ಲಿ ತೇಲಿಬಿಟ್ಟು, ಸಂತೆ ದಿನ ಪ್ಯಾಟಿಗೆ ಕಳಿಸೋಳು. ಆ ದುಡ್ಡಿನಲ್ಲಿ ಉಪ್ಪು, ಎಣ್ಣೆ, ನಮ್ಮ ಸ್ಲೇಟು ಬಳಪ ಬರುತ್ತಿದ್ದವು. ಮಜ್ಜಿಗೆ ಮಾತ್ರ ಮಾರುತ್ತಿರಲಿಲ್ಲ. ಮಜ್ಜಿಗೆ ಮಾರಿದರೆ ಕೊಟ್ಟಿಗೆ ಬರಿದಾಗುತ್ತೆ ಅಂತ ಒಂದು ಮಾತು. ಕೂಲಿಯವರ ಮನೆಯಿಂದ ಮಕ್ಕಳು ತಂಬಿಗೆ ಹಿಡಿದು ಬರುತ್ತಿದ್ದರು, ಅವರಿಗೆ ಹಾಗೇ ಹೊಯ್ಯಬೇಕು. ನಮಗೆ ಜೋಳದ ನುಚ್ಚು, ಮಜ್ಜಿಗೆ, ಒಂದು ಉಳ್ಳಾಗಡ್ಡಿ. ಅಷ್ಟೇ ಊಟ, ಆದರೆ ಹೊಟ್ಟೆ ತುಂಬಾ.

ಈಗ ಲೆಕ್ಕ ಹಾಕಿ ನೋಡಿ. ಹತ್ತು ಲೀಟರ್ ಆಕಳ ಹಾಲು ಕಡೆದರೆ ಪ್ಯಾಟಿಗೆ ಹೋಗುತ್ತಿದ್ದದ್ದು ಹೆಚ್ಚೆಂದರೆ ಅರ್ಧ ಕೆಜಿ ಬೆಣ್ಣೆ. ಅಂದರೆ ಕೊಬ್ಬು ಮಾತ್ರ. ಹಾಲಿನ ಪ್ರೋಟೀನು, ಸಕ್ಕರೆ, ಸುಣ್ಣದ ಅಂಶ ಎಲ್ಲಾ ಮಜ್ಜಿಗೆಯ ಗಡಿಗೆಯಲ್ಲಿ ಉಳಿದು ಹಳ್ಳಿಯ ಹೊಟ್ಟೆಗೇ ಬೀಳುತ್ತಿತ್ತು. ಅವ್ವ ಸ್ಕೂಲಿಗೆ ಹೋದವಳಲ್ಲ. ಆದರೂ ಏನು ಮಾರಬೇಕು, ಏನು ಮನೆಯಲ್ಲಿ ಉಳಿಸಿಕೊಳ್ಳಬೇಕು ಅನ್ನುವ ಅರ್ಥಶಾಸ್ತ್ರ ಆಕೆಗೆ ಗೊತ್ತಿತ್ತು.

1974ರಲ್ಲಿ ಕರ್ನಾಟಕ ಡೈರಿ ಅಭಿವೃದ್ಧಿ ನಿಗಮ ಬಂತು, 1984ರಲ್ಲಿ ಅದೇ ಕೆಎಂಎಫ್ ಆಯಿತು. ಊರೂರಿಗೆ ಹಾಲಿನ ಸೊಸೈಟಿ ಆದವು. ಇದರಿಂದ ಒಳ್ಳೆಯದಾಗಿಲ್ಲ ಅಂತ ನಾನು ಹೇಳೋದಿಲ್ಲ. ವಾರಕ್ಕೋ ಹದಿನೈದು ದಿನಕ್ಕೋ ಕೈಗೆ ನಗದು ಬರುವ ಬೆಳೆ ರೈತನಿಗೆ ಬೇರೆ ಯಾವುದಿದೆ? ಭತ್ತ, ಮೆಕ್ಕೆಜೋಳ ನೆಚ್ಚಿ ಕೂತವನಿಗೆ ಆರು ತಿಂಗಳಿಗೊಮ್ಮೆ ದುಡ್ಡು, ಅದೂ ದಲ್ಲಾಳಿ ಮನಸ್ಸು ಬಂದಂತೆ. ಹಾಲಿನ ದುಡ್ಡಿಗಾಗಿ ಎಷ್ಟೋ ಹೆಣ್ಣುಮಕ್ಕಳು ಸೊಸೈಟಿಯ ಪಾಸ್‌ಬುಕ್ಕನ್ನು ಎದೆಗೆ ಒತ್ತಿಕೊಂಡು ಇಟ್ಟಿದ್ದಾರೆ. ಅದನ್ನು ಮರೆಯಬಾರದು.

ಆದರೆ ಒಂದು ವ್ಯತ್ಯಾಸ ಆಯಿತು. ಮೊದಲು ಬೆಣ್ಣೆ ಒಂದೇ ಊರು ಬಿಡುತ್ತಿತ್ತು. ಈಗ ಹಾಲು ಹಾಲಾಗಿಯೇ, ಕೊಬ್ಬು, ಪ್ರೋಟೀನು, ಸಕ್ಕರೆ ಎಲ್ಲಾ ಕೂಡಿ ಕ್ಯಾನಿನಲ್ಲಿ ಕೂತು ಹೋಗುತ್ತದೆ. ಹಾಲು ಕರೆಯುವ ಮನೆಯಲ್ಲೇ ಮಜ್ಜಿಗೆ ಇಲ್ಲ. ಪ್ಯಾಟಿಯಿಂದ ಪ್ಯಾಕೆಟ್ ಮಜ್ಜಿಗೆ ತರುತ್ತೇವೆ. ಮಾರಬಾರದು ಅಂತಿದ್ದ ಆ ಮಜ್ಜಿಗೆಗೆ, ಪ್ಯಾಕೆಟ್ ಕಟ್ಟಿ ಚೀಟಿ ಅಂಟಿಸಿದ್ದಾರೆ ಅನ್ನುವ ಕಾರಣಕ್ಕೆ 2022ರ ಜುಲೈ 18ರಿಂದ ಶೇಕಡಾ 5ರಂತೆ ಜಿಎಸ್‌ಟಿಯನ್ನೂ ಹಾಕಿದರು. ನಮ್ಮ ಅವ್ವ ಬದುಕಿದ್ದರೆ ಇದನ್ನು ಕೇಳಿ ನಗುತ್ತಿದ್ದಳೋ ಅಳುತ್ತಿದ್ದಳೋ.

ಈಗ ತಿಳಿಯ ವಿಷಯಕ್ಕೆ ಬರೋಣ. ಹಾಲಿಗೆ ಹುಳಿ ಬಿದ್ದು ಒಡೆದಾಗ ಗಟ್ಟಿ ಒಂದು ಕಡೆ, ಹಸಿರು ಹಳದಿ ಬಣ್ಣದ ನೀರು ಒಂದು ಕಡೆ ಆಗುತ್ತದಲ್ಲ, ಆ ನೀರು. ಮೊಸರು ಬಟ್ಟೆಯಲ್ಲಿ ಕಟ್ಟಿ ಶ್ರೀಖಂಡಕ್ಕೆ ನೇತುಹಾಕಿದಾಗ ಕೆಳಗೆ ತೊಟ್ಟಿಕ್ಕುವುದೂ ಅದೇ. ಮಜ್ಜಿಗೆ ಗಡಿಗೆ ಅಲ್ಲಾಡಿಸದೆ ಇಟ್ಟರೆ ಮೇಲೆ ನಿಲ್ಲುವುದೂ ಅದೇ. ಪುಸ್ತಕದವರು ಇದಕ್ಕೆ ಹಾಲೊಡಕು ಅನ್ನುತ್ತಾರೆ. ನಾವು ಅದಕ್ಕೊಂದು ಸರಿಯಾದ ಹೆಸರನ್ನೂ ಇಟ್ಟಿಲ್ಲ. ತಿಳಿ ಅಂತೀವಿ, ಒಡೆದ ಹಾಲಿನ ನೀರು ಅಂತೀವಿ, ಮೋರಿಗೆ ಚೆಲ್ಲುತ್ತೀವಿ.

ನಾನೂ ಚೆಲ್ಲಿದವನೇ. ಒಂದು ಮಳೆಗಾಲದಲ್ಲಿ ರಸ್ತೆ ಕೊಚ್ಚಿ ಹಾಲಿನ ವ್ಯಾನು ಬರಲಿಲ್ಲ. ಮನೆಯಲ್ಲಿ 14 ಲೀಟರ್ ಹಾಲು ಉಳಿಯಿತು. ನನ್ನ ಮಗ ಫೋನಿನಲ್ಲಿ ನೋಡಿ, ಅಪ್ಪಾ ಪನೀರ್ ಮಾಡೋಣ, ದಾವಣಗೆರೆ ಹೋಟೆಲಿಗೆ ಕೊಡೋಣ ಅಂದ. ಹಾಲು ಕಾಯಿಸಿ, ನಿಂಬೆಹುಳಿ ಹಿಂಡಿ, ಪಂಚೆಯಲ್ಲಿ ಸೋಸಿ, ಮೇಲೆ ಗುಂಡುಕಲ್ಲು ಹೇರಿದೆವು. ಎರಡೂವರೆ ಕೆಜಿ ಪನೀರ್ ಆಯಿತು. ಉಳಿದ ಹನ್ನೊಂದು ಲೀಟರ್ ನೀರನ್ನು ನಾನೇ ಎತ್ತಿಕೊಂಡು ಹೋಗಿ ಮೋರಿಗೆ ಸುರಿಯುತ್ತಿದ್ದೆ. ಪಕ್ಕದ ಮನೆಯ ಅಜ್ಜಿ ಕಟ್ಟೆ ಮೇಲೆ ಕೂತಿದ್ದವಳು ಕೂಗಿದಳು. “ಏನೋ ತಮ್ಮಾ, ಅದು ಎಮ್ಮಿ ರಕ್ತ ಕಣೋ. ಮೋರಿಗೆ ಸುರೀತೀಯಲ್ಲ, ನಿನ್ನ ಕೈ ಹೆಂಗೆ ಬಂತೋ?”

ನಾನು, “ನೀರು ಬಿಡಬೇ ಅಜ್ಜಿ” ಅಂದೆ. ಆಕೆ ಅಂದಳು, “ನೀರಾದ್ರೆ ಸೊಸೈಟಿಯೋರು ಯಾಕೋ ಡಿಗ್ರಿ ನೋಡ್ತಾರೆ?”

ಬಂಧುಗಳೇ, ಆ ಮಾತು ನನಗೆ ಆವತ್ತು ರಾತ್ರಿ ನಿದ್ದೆ ಮಾಡಗೊಡಲಿಲ್ಲ. ಡಿಗ್ರಿ ನೋಡೋದು ಅಂದರೆ ಏನು? ಹಾಲಿಗೆ ಬೆಲೆ ಕಟ್ಟುವುದು ಎರಡು ಅಳತೆಯಲ್ಲಿ. ಒಂದು ಫ್ಯಾಟ್. ಇನ್ನೊಂದು ಎಸ್‌ಎನ್‌ಎಫ್, ಅಂದರೆ ಕೊಬ್ಬು ಬಿಟ್ಟು ಹಾಲಿನಲ್ಲಿರುವ ಬಾಕಿ ಗಟ್ಟಿ ಪದಾರ್ಥ. ಒಳ್ಳೆಯ ಆಕಳ ಹಾಲಿನಲ್ಲಿ ಇದು ನೂರಕ್ಕೆ ಎಂಟೂವರೆ ಇರುತ್ತದೆ. ಆ ಎಂಟೂವರೆಯನ್ನು ಬಿಡಿಸಿ ನೋಡಿ. ಸುಮಾರು 3.2 ಪಾಲು ಪ್ರೋಟೀನು, 4.6 ಪಾಲು ಹಾಲಿನ ಸಕ್ಕರೆ, 0.7 ಪಾಲು ಸುಣ್ಣ ಮುಂತಾದ ಖನಿಜ. ಹಾಲು ಒಡೆದಾಗ ಪ್ರೋಟೀನಿನಲ್ಲಿ ಐದರಲ್ಲಿ ನಾಲ್ಕು ಪಾಲು ಗಟ್ಟಿಯ ಜೊತೆ ಹೋಗುತ್ತದೆ. ಉಳಿದ ಒಂದು ಪಾಲು ಪ್ರೋಟೀನು, ಹೆಚ್ಚುಕಡಿಮೆ ಪೂರ್ತಿ ಸಕ್ಕರೆ, ಬಹುಪಾಲು ಖನಿಜ ತಿಳಿಯಲ್ಲಿ ಉಳಿಯುತ್ತದೆ. ಕೂಡಿಸಿದರೆ ಐದೂವರೆ ದಾಟುತ್ತದೆ.

ಅಂದರೆ ಎಸ್‌ಎನ್‌ಎಫ್‌ನಲ್ಲಿ ಮೂರರಲ್ಲಿ ಎರಡು ಪಾಲು ನಾವು ನೀರು ಅಂತ ಕರೆಯುವ ತಿಳಿಯೊಳಗೇ ಇರೋದು! ನಮ್ಮ ಹಾಲಿಗೆ ಎಸ್‌ಎನ್‌ಎಫ್ ಕಮ್ಮಿ ಬಂದರೆ ರೇಟು ಮುರಿಯುತ್ತಾರೆ, ಕೆಲವು ಸಲ ಹಾಲನ್ನೇ ವಾಪಸ್ಸು ಕಳಿಸುತ್ತಾರೆ. ಕೊಳ್ಳುವವನ ಕೈಯಲ್ಲಿ ಅದು ಅಳೆದು ತೂಗುವ ಪದಾರ್ಥ. ನಮ್ಮ ಕೈಯಲ್ಲಿದ್ದಾಗ ಮಾತ್ರ ಬರೀ ನೀರು. ಇದಕ್ಕಿಂತ ದೊಡ್ಡ ದಡ್ಡತನ ಇದೆಯಾ?

ಆ ದಿನದ ನನ್ನ ಮನೆಯ ಲೆಕ್ಕವನ್ನೂ ನಿಮ್ಮ ಮುಂದೆ ಇಡುತ್ತೇನೆ. ಎರಡೂವರೆ ಕೆಜಿ ಪನೀರನ್ನು ಹೋಟೆಲಿನವರು ಕೆಜಿಗೆ 280ರಂತೆ ತೆಗೆದುಕೊಂಡರು, 700 ರೂಪಾಯಿ ಬಂತು. ಗ್ಯಾಸಿಗೆ 60, ನಿಂಬೆಹಣ್ಣಿಗೆ 30, ದಾವಣಗೆರೆಗೆ ಹೋಗಿ ಬರೋಕೆ 50. ಖರ್ಚು ಕಳೆದು 560 ಉಳಿಯಿತು. ಅದೇ 14 ಲೀಟರನ್ನು ಸೊಸೈಟಿಗೆ ಹಾಕಿದ್ದರೆ 36ರಂತೆ 504, ಸರ್ಕಾರದ ಪ್ರೋತ್ಸಾಹಧನ ಲೀಟರಿಗೆ 5ರಂತೆ 70, ಒಟ್ಟು 574. ನನ್ನ, ನನ್ನ ಹೆಂಡತಿಯ, ಮಗನ ಅರ್ಧ ದಿನದ ದುಡಿಮೆಗೆ ಕೂಲಿ ಹಾಕಿಲ್ಲ. ಹಾಗಾದರೂ 14 ರೂಪಾಯಿ ಲುಕ್ಸಾನು. ಆ ಲುಕ್ಸಾನು ಎಲ್ಲಿಗೆ ಹೋಯಿತು? ಮೋರಿಗೆ ಹೋದ ಹನ್ನೊಂದು ಲೀಟರಿನಲ್ಲಿ ಅರ್ಧ ಕೆಜಿಗೂ ಮೀರಿ ಗಟ್ಟಿ ಪದಾರ್ಥ ಇತ್ತು. ಹಿಂಡಿ, ಬೂಸಾ ತಿನ್ನಿಸಿ, ಅದಕ್ಕೂ ಸಾಲ ಮಾಡಿ ತಯಾರು ಮಾಡಿದ ಪದಾರ್ಥ ಅದು.

ಆದ್ದರಿಂದ ಪನೀರ್ ಮಾಡಿ ಶ್ರೀಮಂತರಾಗಿ ಅಂತ ಹೇಳುವವರ ಮಾತಿಗೆ ಮರುಳಾಗಿ ಬ್ಯಾಂಕಿನಲ್ಲಿ ಲೋನ್ ತೆಗೆದು ಮಿಷನ್ ತರುವ ಮೊದಲು, ತಿಳಿಯನ್ನು ಏನು ಮಾಡುತ್ತೀರಿ ಅನ್ನೋದನ್ನು ಮೊದಲು ಬರೆದು ಇಟ್ಟುಕೊಳ್ಳಿ. ಐದು ಲೀಟರ್ ಹಾಲಿಗೆ ನಾಲ್ಕು ಲೀಟರ್ ತಿಳಿ ಬರುತ್ತದೆ. ತಿಳಿಗೆ ದಾರಿ ಇಲ್ಲದ ಪನೀರ್ ಘಟಕ ಸಾಲಕ್ಕೆ ದಾರಿ.

ಆ ಅಜ್ಜಿಯನ್ನು ಮಾರನೇ ದಿನ ನಾನೇ ಹೋಗಿ ಕೇಳಿದೆ. ಹಿಂದೆ ನೀವೆಲ್ಲಾ ಏನು ಮಾಡುತ್ತಿದ್ದಿರಿ? ಆಕೆ ಹೇಳಿದ್ದು, ನಮ್ಮ ಮನೆಯಲ್ಲಿ ಆಮೇಲೆ ನಾವು ಮಾಡಿ ನೋಡಿದ್ದು ಎರಡನ್ನೂ ಸೇರಿಸಿ ಹೇಳುತ್ತೇನೆ. ತಾಯಂದಿರು ತಪ್ಪಿದ್ದರೆ ತಿದ್ದಬೇಕು.

ಮೊದಲನೆಯದು ಹಿಟ್ಟು ಕಲಸೋದು. ಚಪಾತಿ ಹಿಟ್ಟನ್ನು ನೀರಿನ ಬದಲು ತಿಳಿಯಲ್ಲಿ ಕಲಸಿದರೆ ಮೆತ್ತಗೆ ಬರುತ್ತದೆ, ಸಂಜೆವರೆಗೂ ಬಿರುಸಾಗುವುದಿಲ್ಲ. ಜೋಳದ ರೊಟ್ಟಿಗೆ ಎಸರು ಇಡುವಾಗ ಅರ್ಧ ನೀರು ಅರ್ಧ ತಿಳಿ ಇಡಬಹುದು. ನಿಂಬೆಹುಳಿ ಹಿಂಡಿ ಒಡೆದ ತಿಳಿಯಾದರೆ ಉಪ್ಪು ನೋಡಿಕೊಂಡು ಹಾಕಬೇಕು.

ಎರಡನೆಯದು ಸಾರು. ಬೇಳೆ ಬೆಂದ ಮೇಲೆ ತಿಳಿ ಹಾಕಬೇಕು, ಮೊದಲೇ ಹಾಕಿದರೆ ಹುಳಿಗೆ ಬೇಳೆ ಬೇಯೋದು ತಡವಾಗುತ್ತದೆ. ಹುಣಸೆಹಣ್ಣು ಅರ್ಧಕ್ಕೆ ಅರ್ಧ ಉಳಿಯುತ್ತದೆ. ಹುಣಸೆಹಣ್ಣಿನ ಈಗಿನ ರೇಟು ನಿಮಗೆ ಹೇಳಬೇಕಾಗಿಲ್ಲ.

ಮೂರನೆಯದು ಅಂಬಲಿ ಮತ್ತು ನುಚ್ಚು. ಮಜ್ಜಿಗೆ ಇಲ್ಲದ ದಿನ ರಾಗಿ ಅಂಬಲಿಗೆ ತಿಳಿ, ಚೂರು ಉಪ್ಪು, ಹೆಚ್ಚಿದ ಉಳ್ಳಾಗಡ್ಡಿ. ಬಿಸಿಲಲ್ಲಿ ಕಳೆ ತೆಗೆಯುವವರಿಗೆ ಟೀಗಿಂತ ಇದು ಮೇಲು. ಬರೀ ತಿಳಿಗೂ ಜೀರಿಗೆ, ಶುಂಠಿ, ಕರಿಬೇವು ಜಜ್ಜಿ ಹಾಕಿದರೆ ಮಸಾಲೆ ಮಜ್ಜಿಗೆಯ ತಮ್ಮನ ಹಾಗೆ ಇರುತ್ತದೆ.

ನಾಲ್ಕನೆಯದು ದೋಸೆ ಹಿಟ್ಟು. ರುಬ್ಬುವಾಗ ಮೊಸರಿನ ತಿಳಿ ಸೇರಿಸಿದರೆ ಹಿಟ್ಟು ಬೇಗ ಹುಳಿಯುತ್ತದೆ. ಚಳಿಗಾಲದಲ್ಲಿ ಇದು ಅನುಕೂಲ, ಬೇಸಿಗೆಯಲ್ಲಿ ಮಾತ್ರ ಹುಷಾರಾಗಿರಬೇಕು. ತಿಳಿಯಲ್ಲಿರುವ ಸಕ್ಕರೆಯಿಂದ ದೋಸೆ ಕೆಂಪಗೆ ಬರುತ್ತದೆ.

ಐದನೆಯದು ಮಜ್ಜಿಗೆ ಮೆಣಸಿನಕಾಯಿ. ಸೀಳಿದ ಹಸಿಮೆಣಸಿನಕಾಯಿಯನ್ನು ಹುಳಿ ಮಜ್ಜಿಗೆ ಮತ್ತು ಉಪ್ಪಿನಲ್ಲಿ ನೆನೆಹಾಕಿ, ಹಗಲು ಬಿಸಿಲಿಗೆ ಹಾಕಿ, ರಾತ್ರಿ ಮತ್ತೆ ಅದೇ ನೀರಿಗೆ ಹಾಕುವುದು ನಿಮಗೆ ಗೊತ್ತೇ ಇದೆ. ಮಜ್ಜಿಗೆ ಕಮ್ಮಿ ಬಿದ್ದಾಗ ಹುಳಿ ಬಂದ ತಿಳಿ ಸೇರಿಸಿ ಮಾಡಿದೆವು, ರುಚಿಯಲ್ಲಿ ವ್ಯತ್ಯಾಸ ಕಾಣಲಿಲ್ಲ.

ಆರನೆಯದು, ಇವತ್ತಿನ ಹುಳಿ ತಿಳಿ ನಾಳಿನ ಹಾಲು ಒಡೆಯೋಕೆ ಬರುತ್ತದೆ. ಒಂದು ರಾತ್ರಿ ಇಟ್ಟು ಹುಳಿ ಬರಿಸಿದ ತಿಳಿಯನ್ನು ಕಾದ ಹಾಲಿಗೆ ನಿಧಾನಕ್ಕೆ ಹೊಯ್ದರೆ ನಿಂಬೆಹಣ್ಣಿನ ಖರ್ಚು ಇಲ್ಲ.

ಇನ್ನೂ ಮಿಕ್ಕಿದರೆ ಕಲಗಚ್ಚಿನ ಬಾನಿಗೆ. ದನಕ್ಕೆ ತಾಜಾ ತಿಳಿಯನ್ನು ಬೂಸಾದ ಜೊತೆ ಕಲಸಿ, ಮೊದಮೊದಲು ಒಂದೆರಡು ಲೀಟರ್ ಅಷ್ಟೇ ಕೊಡಬೇಕು. ಒಮ್ಮೆಗೇ ಬಕೀಟುಗಟ್ಟಲೆ ಕುಡಿಸಿದರೆ ಹೊಟ್ಟೆ ಕೆಟ್ಟು ಸೆಗಣಿ ನೀರಾಗುತ್ತದೆ. ಆಗ ಡಾಕ್ಟರ ಫೀಸು ತಿಳಿಯ ಲಾಭವನ್ನೆಲ್ಲ ತಿನ್ನುತ್ತದೆ.

ಎಚ್ಚರದ ಮಾತು ಎರಡು ಇವೆ. ತಾಮ್ರ, ಕಲಾಯಿ ಹೋದ ಹಿತ್ತಾಳೆ ಪಾತ್ರೆಯಲ್ಲಿ ತಿಳಿ ಇಡಬಾರದು, ಹುಳಿಗೆ ಕಿಲುಬು ಬಿಟ್ಟುಕೊಳ್ಳುತ್ತದೆ. ಸ್ಟೀಲು ಅಥವಾ ಮಣ್ಣಿನ ಗಡಿಗೆ ಒಳ್ಳೇದು. ಇನ್ನೊಂದು, ನಾವು ಒಡೆದ ಹಾಲಿನ ತಿಳಿ ಬೇರೆ, ತಾನಾಗಿ ಕೆಟ್ಟು ನಾರುವ ಹಾಲಿನ ನೀರು ಬೇರೆ. ಕೆಟ್ಟದ್ದನ್ನು ಉಳಿತಾಯದ ಹೆಸರಿನಲ್ಲಿ ಮಕ್ಕಳಿಗೆ ಹಾಕಬೇಡಿ. ಕೆಚ್ಚಲು ಬಾವಿಗೆ ಇಂಜೆಕ್ಷನ್ ಕೊಟ್ಟ ಹಸುವಿನ ಹಾಲನ್ನೂ ಡಾಕ್ಟರು ಹೇಳಿದಷ್ಟು ದಿನ ಬಿಟ್ಟೇಬಿಡಬೇಕು, ಅದರ ತಿಳಿಯನ್ನೂ ಬಿಡಬೇಕು.

ಇದೆಲ್ಲಾ ಬಡತನದ ಅಡುಗೆ, ಹಳೇ ಕಾಲದ ಜಿಪುಣತನ ಅಂತ ಯಾರಾದರೂ ಅನ್ನಬಹುದು. ಅವರು ಹೊರಗಿನ ಪ್ರಪಂಚ ನೋಡಲಿ. ಚೀಸ್ ಮಾಡುವ ದೇಶಗಳಲ್ಲಿ ತಿಳಿಯನ್ನು ಬಿಟ್ಟವರೇ ಇಲ್ಲ. ಇಟಲಿಯವರು ಅದನ್ನೇ ಮತ್ತೆ ಕಾಯಿಸಿ ರಿಕೊಟ್ಟಾ ಎಂಬ ಮೆತ್ತನೆಯ ಗಿಣ್ಣು ತೆಗೆಯುತ್ತಾರೆ, ಉಳಿದದ್ದನ್ನು ಹಂದಿಗೆ ಹಾಕಿ ಆ ಹಂದಿಯ ಮಾಂಸವನ್ನೂ ದುಬಾರಿಗೆ ಮಾರುತ್ತಾರೆ. ನಾರ್ವೆಯವರು ನಮ್ಮ ಕಡೆ ಬೆಲ್ಲ ಕಾಯಿಸಿದ ಹಾಗೆ ತಿಳಿಯನ್ನು ಕಾಯಿಸಿ ಕಂದು ಗಟ್ಟಿ ಮಾಡಿ ರೊಟ್ಟಿಗೆ ಹಚ್ಚುತ್ತಾರೆ. ಸ್ವಿಟ್ಜರ್‌ಲ್ಯಾಂಡಿನವರು 1952ರಿಂದ ಅದರ ಸೋಡಾವನ್ನೇ ಬಾಟಲಿಗೆ ತುಂಬಿ ಮಾರುತ್ತಿದ್ದಾರೆ, ರಿವೆಲ್ಲಾ ಅಂತ ಅದರ ಹೆಸರು.

ಈಗ ಪ್ಯಾಟಿಯ ಹುಡುಗರು ಮೈ ಬೆಳೆಸೋಕೆ ಡಬ್ಬಿಯಲ್ಲಿ ವೇ ಪ್ರೋಟೀನ್ ಪುಡಿ ಕೊಳ್ಳುತ್ತಾರಲ್ಲ, ಅದೂ ಇದೇ ತಿಳಿಯಿಂದ ತೆಗೆದದ್ದು. ಕೆಜಿಗೆ ಎರಡು ಸಾವಿರ, ಮೂರು ಸಾವಿರ, ಇನ್ನೂ ಮೇಲೂ ಇದೆ. ಒಂದು ಕೆಜಿ ಅಂಥ ಪುಡಿಗೆ ನೂರು ಲೀಟರಿಗೂ ಹೆಚ್ಚು ತಿಳಿ ಬೇಕು, ಸಣ್ಣ ಜರಡಿಯಂಥ ಯಂತ್ರಗಳು ಬೇಕು, ಒಣಗಿಸುವ ದೊಡ್ಡ ಗೋಪುರ ಬೇಕು. ಹಳ್ಳಿಯಲ್ಲಿ ಕೂತು ಮಾಡುವ ಕೆಲಸ ಅಲ್ಲ, ಆ ಭ್ರಮೆ ಬೇಡ. ಪನೀರಿಗೆ ಹಾಲನ್ನು ಜೋರಾಗಿ ಕಾಯಿಸುವುದರಿಂದ ತಿಳಿಯ ಪ್ರೋಟೀನಿನಲ್ಲಿ ಒಂದಷ್ಟು ಪನೀರಿನ ಜೊತೆಗೇ ಸೇರಿಬಿಡುತ್ತದೆ. ಆದ್ದರಿಂದ ಪುಡಿಗೆ ಚೀಸಿನ ತಿಳಿಯೇ ಹೆಚ್ಚು ಬಳಕೆ. ಇದು ಒಕ್ಕೂಟ, ಮಹಾಮಂಡಳದ ಮಟ್ಟದಲ್ಲಿ ಆಗುವ ಕೆಲಸ. ಆದರೆ ಆ ಒಕ್ಕೂಟ ಯಾರದ್ದು? ನಮ್ಮದು. ಶೇರು ನಮ್ಮದು, ಹಾಲು ನಮ್ಮದು.

2024ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಕೆಎಂಎಫ್‌ನವರು ನಂದಿನಿ ಹೆಸರಿನಲ್ಲಿ ಇಡ್ಲಿ ದೋಸೆ ಹಿಟ್ಟನ್ನು ಮಾರುಕಟ್ಟೆಗೆ ಬಿಟ್ಟರು. ಮುಖ್ಯಮಂತ್ರಿಗಳೇ ಬಿಡುಗಡೆ ಮಾಡಿದರು. ಅದರ ವಿಶೇಷ ಏನು ಗೊತ್ತೇ? ವೇ ಪ್ರೋಟೀನ್ ಸೇರಿಸಿದ ಹಿಟ್ಟು! ಅಜ್ಜಿ ರುಬ್ಬುಗುಂಡಿನ ಮುಂದೆ ಕೂತು ಪುಕ್ಕಟೆ ಹಾಕುತ್ತಿದ್ದ ತಿಳಿಯ ಸತ್ವವೇ ಈಗ ಪ್ಯಾಕೆಟ್ಟಿನ ಮೇಲೆ ದೊಡ್ಡಕ್ಷರದಲ್ಲಿ ಬಂದಿದೆ. ನಾನು ಇದನ್ನು ಹಳಿಯುತ್ತಿಲ್ಲ. ಸಹಕಾರಿ ಸಂಸ್ಥೆಯೊಂದು ಹಾಲಿನ ಪ್ರತಿ ತೊಟ್ಟಿಗೂ ಬೆಲೆ ಹುಡುಕುವುದು ಸರಿಯಾದ ದಾರಿಯೇ. ಕೇಳಬೇಕಾದ ಪ್ರಶ್ನೆ ಬೇರೆ. ಬೆಣ್ಣೆಗೆ ಬೆಲೆ ಬಂದಾಗ ಫ್ಯಾಟ್ ಅಳೆದು ನಮಗೆ ಕೊಟ್ಟಿರಿ. ತಿಳಿಗೆ ಬೆಲೆ ಬಂದಾಗ ಯಾವುದನ್ನು ಅಳೆದು ಕೊಡುತ್ತೀರಿ?

ಹಾಲಿನ ದರ ಏರಿಸುವಾಗಲೆಲ್ಲಾ ನಮ್ಮನ್ನು ಪಟ್ಟಣದವರ ಎದುರು ನಿಲ್ಲಿಸುತ್ತಾರೆ. 2025ರ ಏಪ್ರಿಲ್ 1ರಿಂದ ನಂದಿನಿ ಹಾಲು ಲೀಟರಿಗೆ 4 ರೂಪಾಯಿ ಏರಿತು. ಆ ನಾಲ್ಕು ರೂಪಾಯಿ ರೈತರಿಗೇ ಅಂತ ಸರ್ಕಾರ ಹೇಳಿತು. ಪಟ್ಟಣದ ಕೂಲಿಕಾರ ಟೀ ಅಂಗಡಿಯಲ್ಲಿ ನಮ್ಮನ್ನೇ ಬೈದ. ಅವನೂ ನಮ್ಮ ಹಳ್ಳಿಯಿಂದ ಹೋದವನೇ. ಅವನ ಮಗುವಿನ ಹಾಲಿನ ಬೆಲೆ ಏರಿಸದೆ ನಮ್ಮ ಹಿಂಡಿ ಖರ್ಚು ತುಂಬುವ ದಾರಿ ಬೇಕಾದರೆ, ಹಾಲಿನಿಂದ ಹೊರಡುವ ಬೇರೆ ಪದಾರ್ಥಗಳ ಲಾಭ ನೇರವಾಗಿ ಹಾಲು ಹಾಕಿದವನ ಪಾಸ್‌ಬುಕ್ಕಿಗೆ ಬರಬೇಕು. ಅಂಥ ಪದಾರ್ಥಗಳಲ್ಲಿ ತಿಳಿಯೂ ಒಂದು.

ಇನ್ನೊಂದು ದೊಡ್ಡ ಮಾತು ಇದೆ. 2019ರ ನವೆಂಬರಿನಲ್ಲಿ ಭಾರತ ಆರ್‌ಸೆಪ್ ಒಪ್ಪಂದಕ್ಕೆ ಸಹಿ ಹಾಕದೆ ಹೊರಗೆ ಬಂತು. ನ್ಯೂಜಿಲೆಂಡಿನಂಥ ದೇಶಗಳ ಅಗ್ಗದ ಹಾಲಿನ ಪುಡಿ ಬಂದು ನಮ್ಮ ಹೈನು ಮುಳುಗುತ್ತದೆ ಅನ್ನುವ ರೈತರ ಕೂಗು ಅದಕ್ಕೆ ಒಂದು ಮುಖ್ಯ ಕಾರಣ. ಆ ದೇಶಗಳು ಅಗ್ಗಕ್ಕೆ ಮಾರೋದು ಹೇಗೆ ಸಾಧ್ಯ ಅಂತ ಯೋಚಿಸಿದ್ದೀರಾ? ಹುಲ್ಲುಗಾವಲು ಇದೆ, ಒಪ್ಪಿದೆ. ಜೊತೆಗೆ ಅವರು ಹಾಲಿನ ಯಾವ ಭಾಗವನ್ನೂ ಚೆಲ್ಲುವುದಿಲ್ಲ. ಬೆಣ್ಣೆ, ಚೀಸು, ಪುಡಿ, ತಿಳಿಯ ಪ್ರೋಟೀನು, ತಿಳಿಯ ಸಕ್ಕರೆ ಎಲ್ಲವನ್ನೂ ಬೇರೆ ಬೇರೆ ಮಾರಿ ಹಾಲಿನ ಖರ್ಚನ್ನು ಹಂಚಿಬಿಡುತ್ತಾರೆ. ನಾವು ಅರ್ಧ ಮಾರಿ ಅರ್ಧ ಚೆಲ್ಲಿ, ಪೂರ್ತಿ ಖರ್ಚನ್ನು ಅರ್ಧದ ಮೇಲೆ ಹೊರಿಸಿ, ಬೆಲೆ ಸಾಲದು ಅಂತ ಅಳುತ್ತೇವೆ. ಗಡಿ ಕಾಯೋದು ಸರ್ಕಾರದ ಕೆಲಸ, ಅದನ್ನು ಬಿಡದೆ ಕೇಳೋಣ. ಗಡಿಗೆ ಕಾಯೋದು ನಮ್ಮ ಕೆಲಸ.

ಇನ್ನು ಚೆಲ್ಲಿದ ತಿಳಿ ಸುಮ್ಮನೆ ಹೋಗುವುದಿಲ್ಲ. ನಮ್ಮ ಕಡೆಯ ಒಂದು ಸಣ್ಣ ಘಟಕದವರು ದಿನಾ ತಿಳಿಯನ್ನು ಹಳ್ಳಕ್ಕೆ ಬಿಡುತ್ತಿದ್ದರು. ಹಳ್ಳ ಹುಳಿ ನಾರುತ್ತಿತ್ತು, ಬಿಳಿ ಪೊರೆ ಕಟ್ಟುತ್ತಿತ್ತು, ದನ ಮೂಸಿ ನೋಡಿ ತಿರುಗುತ್ತಿದ್ದವು. ಕಾರಣ ಇದೆ. ಒಂದು ಲೀಟರ್ ತಿಳಿ ನೀರಿನಲ್ಲಿ ಕೊಳೆಯೋಕೆ 30ರಿಂದ 50 ಗ್ರಾಂ ಆಮ್ಲಜನಕ ಎಳೆಯುತ್ತದೆ. ಒಂದು ಲೀಟರ್ ಒಳ್ಳೆಯ ಹೊಳೆ ನೀರಿನಲ್ಲಿ ಇರುವ ಆಮ್ಲಜನಕ 8 ಮಿಲಿಗ್ರಾಂ ಮಾತ್ರ. ಅಂದರೆ ಒಂದು ಲೀಟರ್ ತಿಳಿ ಸುಮಾರು ನಾಲ್ಕರಿಂದ ಆರು ಸಾವಿರ ಲೀಟರ್ ಹೊಳೆ ನೀರಿನ ಉಸಿರು ಕಟ್ಟಿಸಬಲ್ಲದು. ಹೊಟ್ಟೆಗೆ ಬಿದ್ದರೆ ಆಹಾರ, ಹೊಳೆಗೆ ಬಿದ್ದರೆ ವಿಷದ ಸಮ. ಹೊಳೆ ಕೆಡೋದು ಅಂದರೆ ಏನು ಅಂತ ಹರಿಹರದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. 1980ರ ದಶಕದಲ್ಲಿ ಕಾರ್ಖಾನೆ ನೀರಿನ ವಿರುದ್ಧ ಈ ತುಂಗಭದ್ರೆಯ ದಂಡೆಯಲ್ಲೇ ಹೋರಾಟ ನಡೆದದ್ದನ್ನು ಹಿರಿಯರು ಮರೆತಿಲ್ಲ. ಕಾರ್ಖಾನೆಯವನಿಗೆ ಹೇಳಿದ ಮಾತನ್ನು ನಮಗೂ ಹೇಳಿಕೊಳ್ಳಬೇಕು.

ಹಾಗಾದರೆ ಮಾಡಬೇಕಾದ್ದು ಏನು? ಮೂರು ಕೆಲಸ ಹೇಳಿ ಮುಗಿಸುತ್ತೇನೆ.

ಮನೆಯ ಮಟ್ಟದಲ್ಲಿ ಒಂದು. ಕರೆದ ಹಾಲನ್ನೆಲ್ಲಾ ಕೊನೇ ತೊಟ್ಟಿನ ತನಕ ಕ್ಯಾನಿಗೆ ಸುರಿಯಬೇಡಿ. ಸಾಲದ ಕಂತು ಕತ್ತಿನ ಮೇಲೆ ಕೂತಿರುತ್ತೆ, ನನಗೂ ಗೊತ್ತು. ಆದರೂ ದಿನಕ್ಕೆ ಒಂದು ಲೀಟರ್ ಮನೆಗೆ ಉಳಿಸಿ. ಹೆಪ್ಪು ಹಾಕಿ, ಕಡೆಯಿರಿ. ಬೆಣ್ಣೆ, ಮಜ್ಜಿಗೆ, ತಿಳಿ ಮೂರೂ ಸಿಗುತ್ತವೆ. ಹಾಲು ಮಾರಿದ ದುಡ್ಡಿನಲ್ಲಿ ಮಕ್ಕಳಿಗೆ ಬಣ್ಣದ ನೀರಿನ ಬಾಟಲಿ ತರುವ ಮನೆ ಎಷ್ಟು ದುಡಿದರೂ ಉದ್ಧಾರ ಆಗೋದಿಲ್ಲ.

ಊರಿನ ಮಟ್ಟದಲ್ಲಿ ಒಂದು. ಮದುವೆ, ಜಾತ್ರೆಗೆ ಪನೀರ್ ಮಾಡಿಸುವವರು, ಸಣ್ಣ ಘಟಕ ಇಟ್ಟವರು ತಿಳಿಯನ್ನು ಯಾರ್ಯಾರ ಮನೆಗೆ, ಯಾರ್ಯಾರ ಕೊಟ್ಟಿಗೆಗೆ ಕೊಡಬೇಕು ಅನ್ನೋದನ್ನು ಅಂದೇ ಗೊತ್ತುಮಾಡಿ. ಸಂಜೆಯೊಳಗೆ ಮುಗಿಯಬೇಕು, ಒಂದು ದಿನಕ್ಕಿಂತ ಹೆಚ್ಚು ಅದು ತಾಳುವುದಿಲ್ಲ. ಹಿಂದೆ ಮಜ್ಜಿಗೆ ಹಂಚಿದ ಹಾಗೆ ಹಂಚಿ.

ಸಂಘದ ಮಟ್ಟದಲ್ಲಿ ಒಂದು. ಸೊಸೈಟಿಯ ವಾರ್ಷಿಕ ಮಹಾಸಭೆಗೆ ಹೋಗಿ. ನಾವು ಹೋಗೋದು ಬೋನಸ್ ಎಷ್ಟು ಅಂತ ಕೇಳಿ ಮಿಠಾಯಿ ಪೊಟ್ಟಣ ಇಸಕೊಂಡು ಬರೋಕೆ. ಈ ಸಲ ಎದ್ದು ನಿಂತು ಕೇಳಿ. ಶಿವಮೊಗ್ಗ, ದಾವಣಗೆರೆ, ಚಿತ್ರದುರ್ಗ ಮೂರೂ ಜಿಲ್ಲೆಯ ಹಾಲು ಒಂದೇ ಒಕ್ಕೂಟಕ್ಕೆ ಹೋಗಿದೆ. ಅದರಿಂದ ಎಷ್ಟು ಪನೀರ್ ಆಯಿತು, ಎಷ್ಟು ತಿಳಿ ಉಳಿಯಿತು, ಆ ತಿಳಿ ಏನಾಯಿತು, ಅದರಿಂದ ಬಂದದ್ದೆಷ್ಟು? ಲೆಕ್ಕವನ್ನು ಲೀಟರಿನಲ್ಲೂ ರೂಪಾಯಿಯಲ್ಲೂ ಅಚ್ಚು ಹಾಕಿಸಿ ಕೊಡಿ ಅಂತ ನಿರ್ಣಯ ಮಾಡಿ ಕಳಿಸಿ. ನಮ್ಮ ಹಾಲಿನ ಡಿಗ್ರಿ ದಿನಾ ನೋಡುವವರ ಲೆಕ್ಕದ ಡಿಗ್ರಿಯನ್ನು ನಾವು ವರ್ಷಕ್ಕೊಮ್ಮೆಯಾದರೂ ನೋಡಬೇಡವೇ?

ಹರಿಹರದ ಹರಿಹರೇಶ್ವರನ ಗುಡಿ ಹೊಯ್ಸಳರ ಕಾಲದ್ದು, 13ನೇ ಶತಮಾನದ್ದು. ಒಂದೇ ಮೂರ್ತಿಯಲ್ಲಿ ಅರ್ಧ ಹರಿ, ಅರ್ಧ ಹರ. ಒಂದು ಅರ್ಧಕ್ಕೆ ಕೈಮುಗಿದು ಇನ್ನೊಂದು ಅರ್ಧಕ್ಕೆ ಬೆನ್ನು ತೋರಿಸಿ ಬಂದವರನ್ನು ನಾನು ನೋಡಿಲ್ಲ. ಹಾಲಿಗೂ ಅದೇ ಮರ್ಯಾದೆ ಕೊಡೋಣ.

ಪಕ್ಕದ ಮನೆಯ ಅಜ್ಜಿ ಈಗಲೂ ಕಟ್ಟೆ ಮೇಲೆ ಕೂತಿರುತ್ತಾಳೆ. ನಮ್ಮ ಮನೆಯಲ್ಲಿ ಹಾಲು ಒಡೆದ ದಿನ ಮೊದಲ ತಂಬಿಗೆ ತಿಳಿ ಆಕೆಗೇ ಹೋಗುತ್ತದೆ. ಕುಡಿದು ಬಾಯಿ ಒರೆಸಿಕೊಂಡು, “ಉಪ್ಪು ಕಮ್ಮಿ ಕಣೋ ತಮ್ಮಾ” ಅಂತಾಳೆ.